ಆಪ್ತಸಲಹೆ ಬೆಳೆದುಬಂದ ದಾರಿ

ಕಳೆದ ವರ್ಷ ಚಳಿಗಾಲದಲ್ಲಿ ನಮ್ಮ ಪರಿಚಯದ ಕುಟುಂಬವೊಂದು ನಮ್ಮನ್ನು ಒಂದು ಹೊಸ ಬಗೆಯ ಕೆಲಸಕ್ಕೆ ಕರೆಯಿತು. ಅವರು ಹಾವೇರಿಯ ಕಡೆಯವರು. ಮಗ ಈ ನಗರಕ್ಕೆ ನೌಕರಿಗೆಂದು ಬಂದು ನೆಲೆಸಿ ಇಪ್ಪತ್ತು ವರ್ಷಗಳಾಗಿವೆ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಊರಿನಿಂದ ಕರೆತಂದಿದ್ದರು. ಬರಬರುತ್ತ ಆ ತಾಯಿಗೆ ಊಟ ಸೇರದಾಯಿತು, ಮಾತು ಕಡಿಮೆಯಾಯಿತು, ನಿದ್ರೆಯೂ ಹೋಯಿತು. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಔಷಧದ ಜೊತೆಗೆ ಆಪ್ತಸಲಹೆಗಾರರನ್ನೂ ಕಾಣಿರಿ ಎಂದರು. ಸಲಹೆಗಾರ್ತಿಗೆ ಕನ್ನಡ ಬಾರದು. ತಾಯಿಗೆ ಹಿಂದಿ ಬಾರದು. ಮೊದಲ ದಿನ ಮಗನೇ ನಡುವೆ ಕುಳಿತು ಭಾಷಾಂತರ ಮಾಡಿದ. ಏನು ಕೇಳಿದರೂ ಆಕೆ "ಏನಿಲ್ರೀ, ಆರಾಮ್ ಅದೀನಿ" ಎಂದಷ್ಟೇ ಹೇಳಿ ಸುಮ್ಮನಾದರು. ಮಗನ ಮುಂದೆ ಹೇಳಲಾಗದ ಮಾತು ಏನಾದರೂ ಇರಬಹುದೆಂದು ಊಹಿಸಿದ ಸಲಹೆಗಾರ್ತಿ, ತಾಯಿಯ ಒಪ್ಪಿಗೆ ಕೇಳಿಕೊಂಡು, ಮನೆಯವರಲ್ಲದ ಕನ್ನಡಿಗರೊಬ್ಬರನ್ನು ಕರೆತರಲು ಹೇಳಿದರು. ಹಾಗೆ ನಾವು ಹೋದೆವು.

ಅಂದು ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳಿದರು: "ಎಲ್ಲಾರೂ ಸುಮ್ನ ಕುಂದ್ರವ್ವಾ ಅಂತಾರ್ರಿ. ಸುಮ್ನ ಕುಂತ್ರ ಅವ್ರು ನೆನಪಾಗ್ತಾರ." ನಾವು ಅದನ್ನು ಹಿಂದಿಯಲ್ಲಿ, "ಇವರಿಗೆ ಕೆಲಸವಿಲ್ಲದೆ ಬೇಸರವಾಗುತ್ತಿದೆಯಂತೆ" ಎಂದು ತಿಳಿಸಿದೆವು. ಹತ್ತು ಪುಟದ ಪತ್ರವನ್ನು ಎರಡು ಸಾಲಿನ ಟಿಪ್ಪಣಿಗೆ ಇಳಿಸುವುದೇ ನಮ್ಮ ಕಚೇರಿಯ ನಿತ್ಯದ ಕೆಲಸವಲ್ಲವೆ? ಸಲಹೆಗಾರ್ತಿ ತಾಯಿಯ ಮುಖವನ್ನು ನೋಡಿ, ನಮ್ಮತ್ತ ತಿರುಗಿ, "ಅವರು ಹೇಳಿದ್ದು ಇಷ್ಟೇ ಇರಲಾರದು. ಸಾರಾಂಶ ಬೇಡ. ಅವರ ಮಾತನ್ನೇ ಹೇಳಿ" ಎಂದರು. ನಮಗೆ ನಾಚಿಕೆಯಾಯಿತು. ಆ ಮಾತಿನಲ್ಲಿದ್ದ "ಅವ್ರು" ಎಂಬ ಒಂದು ಪದವನ್ನು ನಾವು ಬಿಟ್ಟುಬಿಟ್ಟಿದ್ದೆವು. ಆ ತಾಯಿಯ ದುಃಖವೆಲ್ಲ ಇದ್ದದ್ದು ಆ ಒಂದು ಪದದಲ್ಲಿ.

ಎದುರಿಗಿರುವವರ ಮಾತಿಗೆ ಇಷ್ಟೊಂದು ಬೆಲೆ ಕೊಡುವ ಈ ವಿದ್ಯೆ ಎಲ್ಲಿಂದ ಬಂತು, ಅದರ ಕ್ರಮವೇನು ಎಂಬ ಕುತೂಹಲದಿಂದ ನಾವು ಓದಲು ತೊಡಗಿದೆವು. ಓದಿ ತಿಳಿದುದನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಮೇಲಿನ ಸಂಗತಿಯನ್ನು ಆ ತಾಯಿಯ ಒಪ್ಪಿಗೆ ಪಡೆದೇ ಬರೆದಿದ್ದೇವೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇವೆ.

ಮಾತಿನಿಂದ ಚಿಕಿತ್ಸೆ

ಕಷ್ಟವನ್ನು ಹೇಳಿಕೊಳ್ಳುವುದು, ಹಿರಿಯರು ಕೇಳಿ ಸಮಾಧಾನ ಹೇಳುವುದು ಯಾವ ದೇಶಕ್ಕೂ ಹೊಸದಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಬರುವುದು ಅರ್ಜುನನ ವಿಷಾದ. ಶ್ರೀಕೃಷ್ಣನ ಉಪದೇಶ ತೊಡಗುವುದು ಎರಡನೆಯ ಅಧ್ಯಾಯದಲ್ಲಿ. ಆದರೆ ಕೇಳುವುದನ್ನೇ ಒಂದು ಕ್ರಮವಾಗಿ, ಕಲಿಯಬಹುದಾದ, ಕಲಿಸಬಹುದಾದ ಶಾಸ್ತ್ರವಾಗಿ ಬೆಳೆಸಿದ್ದು ಕಳೆದ ಸುಮಾರು ನೂರನಲವತ್ತು ವರ್ಷಗಳ ಕೆಲಸ.

ಅದರ ಒಂದು ಮೂಲ ವಿಯೆನ್ನಾ ನಗರದಲ್ಲಿದೆ. 1880ರಿಂದ 1882ರವರೆಗೆ ಜೋಸೆಫ್ ಬ್ರಾಯರ್ ಎಂಬ ವೈದ್ಯರು ಬರ್ತಾ ಪಾಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆ ಮಾಡಿದರು. ಆಕೆ ತಂದೆಯ ಕಾಯಿಲೆಯಲ್ಲಿ ಆರೈಕೆ ಮಾಡುತ್ತಲೇ ತಾನೂ ಕಾಯಿಲೆ ಬಿದ್ದಿದ್ದಳು. ಕೆಲವು ಕಾಲ ಆಕೆಗೆ ತನ್ನ ಮಾತೃಭಾಷೆಯಾದ ಜರ್ಮನ್ ಬಾರದೆ ಹೋಗಿ, ಇಂಗ್ಲಿಷಿನಲ್ಲಿ ಮಾತ್ರ ಮಾತನಾಡುತ್ತಿದ್ದಳು. ಮನಸ್ಸಿನಲ್ಲಿದ್ದುದನ್ನು ದಿನವೂ ವೈದ್ಯರಿಗೆ ಹೇಳಿಕೊಂಡಾಗ ಹಗುರವಾಗುವುದನ್ನು ಕಂಡು ಅದಕ್ಕೆ ಮಾತಿನ ಚಿಕಿತ್ಸೆ ಎಂಬರ್ಥದ ಹೆಸರಿಟ್ಟವಳು ಆಕೆಯೇ. ಈ ವಿದ್ಯೆಗೆ ನಾಮಕರಣ ಮಾಡಿದ್ದು ವೈದ್ಯರಲ್ಲ, ಕಾಯಿಲೆಯಾದವಳು ಎಂಬುದು ಗಮನಿಸಬೇಕಾದ ಸಂಗತಿ. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಸೇರಿ ಪ್ರಕಟಿಸಿದ ಗ್ರಂಥದಲ್ಲಿ "ಅನ್ನಾ ಓ." ಎಂಬ ಮಾರುಹೆಸರಿನಲ್ಲಿ ಆಕೆಯ ವೃತ್ತಾಂತವಿದೆ. ಆ ಚಿಕಿತ್ಸೆಯಿಂದ ಆಕೆ ಪೂರ್ಣ ಗುಣವಾಗಲಿಲ್ಲ, 1882ರಲ್ಲಿಯೇ ಬೇರೊಂದು ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತೆಂದು ಸಂಶೋಧಕರು ಆಮೇಲೆ ಕಂಡುಹಿಡಿದರು. ಆದರೂ ಆಕೆ ಮುಂದೆ ಚೇತರಿಸಿಕೊಂಡು ಪ್ರಸಿದ್ಧ ಸಮಾಜಸೇವಕಿಯಾದಳು. 1904ರಲ್ಲಿ ಜರ್ಮನಿಯ ಯೆಹೂದಿ ಮಹಿಳೆಯರ ಸಂಘವನ್ನು ಕಟ್ಟಿದಳು.

ಫ್ರಾಯ್ಡ್ ಪದ್ಧತಿಯಲ್ಲಿ ರೋಗಿ ಮಂಚದ ಮೇಲೆ ಮಲಗಿ ಮಾತನಾಡಬೇಕು; ವೈದ್ಯರು ಕಾಣದಂತೆ ತಲೆಯ ಹಿಂದೆ ಕೂರಬೇಕು. ಇದಕ್ಕೆ ಶಾಸ್ತ್ರೀಯ ಕಾರಣಗಳ ಜೊತೆಗೆ, ದಿನವಿಡೀ ಜನ ತಮ್ಮ ಮುಖವನ್ನೇ ದಿಟ್ಟಿಸುವುದನ್ನು ತಮ್ಮಿಂದ ತಾಳಲಾಗದೆಂಬ ಕಾರಣವನ್ನೂ ಫ್ರಾಯ್ಡ್ 1913ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಅಲ್ಲಿ ಮಾತು ರೋಗಿಯದು. ಅದರ ಅರ್ಥ ಹೇಳುವ ಅಧಿಕಾರ ವೈದ್ಯರದು.

ವಲಸೆಗಾರರ ಕೇರಿಯಲ್ಲಿ

ಇನ್ನೊಂದು ಮೂಲ ನಮ್ಮಂಥವರಿಗೆ ಹೆಚ್ಚು ಹತ್ತಿರದ್ದು. ಅಮೆರಿಕದ ಬೋಸ್ಟನ್ ನಗರದಲ್ಲಿ ವಲಸೆಗಾರರ ನೆರವಿಗೆಂದು ಒಂದು ಸೇವಾಕೇಂದ್ರವಿತ್ತು. ಹೊಟ್ಟೆಪಾಡಿಗೆ ದೂರದೇಶಗಳಿಂದ ಬಂದವರ ಮಕ್ಕಳಿಗೆ ಯಾವ ಉದ್ಯೋಗ ಹಿಡಿಯಬೇಕೆಂದು ಹೇಳುವವರಿರಲಿಲ್ಲ. ತಂದೆಯ ಕಸುಬು ಹಿಂದಿನ ದೇಶದಲ್ಲಿಯೇ ಉಳಿದಿತ್ತು. ಎಂಜಿನಿಯರಿಂಗ್ ಓದಿ, ಕಾನೂನಿನ ಅಧ್ಯಾಪಕರೂ ಆಗಿದ್ದ ಫ್ರಾಂಕ್ ಪಾರ್ಸನ್ಸ್ 1908ರ ಜನವರಿಯಲ್ಲಿ ಅಲ್ಲಿ ವೃತ್ತಿ ಮಾರ್ಗದರ್ಶನದ ಒಂದು ವಿಭಾಗವನ್ನು ತೆರೆದರು. ಅದೇ ವರ್ಷ ಅವರು ತೀರಿಕೊಂಡರು. ಅವರ ಪುಸ್ತಕ 1909ರಲ್ಲಿ ಹೊರಬಂತು.

ಪಾರ್ಸನ್ಸ್ ಹೇಳಿದ್ದು ಮೂರು ಹೆಜ್ಜೆ: ನಿನ್ನನ್ನು ನೀನು ಅರಿ, ಉದ್ಯೋಗಗಳ ಸ್ವರೂಪವನ್ನು ಅರಿ, ಎರಡನ್ನೂ ಹೊಂದಿಸಿ ಸರಿಯಾಗಿ ಯೋಚಿಸು. ಆಯ್ಕೆ ಮಾಡಬೇಕಾದವನು ಹುಡುಗನೇ ಹೊರತು ಸಲಹೆಗಾರನಲ್ಲ ಎಂಬುದು ಅವರ ನಿಲುವು. "ನಮ್ಮ ಮಗನಿಗೆ ಎಂಜಿನಿಯರಿಂಗೋ ಮೆಡಿಕಲ್ಲೋ ನೀವೇ ಹೇಳಿಬಿಡಿ" ಎಂದು ಸಲಹೆಗಾರರಲ್ಲಿಗೆ ಹೋಗುವ ತಂದೆತಾಯಿಗಳು ಇದನ್ನು ನೆನೆಯಬೇಕು.

ಬಾಗಿಲ ಬಳಿ ತಿರುಗಿ ನಿಂತ ತಾಯಿ

ಇಂದು ನಾವು ಕಾಣುವ ಆಪ್ತಸಲಹೆಗೆ ರೂಪ ಕೊಟ್ಟವರಲ್ಲಿ ಮುಖ್ಯರು ಕಾರ್ಲ್ ರೋಜರ್ಸ್ (1902–1987). ಅವರು ಹೊಲಮನೆಯಲ್ಲಿ ಬೆಳೆದವರು. ಹುಡುಗನಾಗಿದ್ದಾಗಲೇ ವೈಜ್ಞಾನಿಕ ಬೇಸಾಯದ ಪುಸ್ತಕಗಳನ್ನೋದಿ, ಪ್ರಯೋಗ ಎಂದರೇನೆಂಬುದನ್ನು ಕಲಿತವರು. 1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸ ಮಾಡಿದರು.

ಆ ಕಾಲದ ಒಂದು ಅನುಭವವನ್ನು ಅವರೇ ಬರೆದಿದ್ದಾರೆ. ತುಂಟತನದಿಂದ ಮನೆಯವರನ್ನು ಕಂಗೆಡಿಸಿದ್ದ ಒಬ್ಬ ಹುಡುಗ. ಬುದ್ಧಿವಂತೆಯಾದ ಅವನ ತಾಯಿ. ಎಳವೆಯಲ್ಲಿ ತಾಯಿ ಮಗನನ್ನು ಮನಸಾರೆ ಒಪ್ಪಿಕೊಳ್ಳದಿದ್ದುದೇ ಇದಕ್ಕೆಲ್ಲ ಕಾರಣವೆಂದು ರೋಜರ್ಸ್ ತೀರ್ಮಾನಿಸಿದ್ದರು. ಹಲವು ಭೇಟಿಗಳಲ್ಲಿ ಅದನ್ನು ಆಕೆಗೆ ನಯವಾಗಿ ಮನಗಾಣಿಸಲು ನೋಡಿದರು. ಏನೂ ಫಲವಾಗಲಿಲ್ಲ. ಕೊನೆಗೆ, ಇಬ್ಬರೂ ಪ್ರಯತ್ನಪಟ್ಟೆವು, ಕೈಗೂಡಲಿಲ್ಲ, ಇಲ್ಲಿಗೆ ನಿಲ್ಲಿಸೋಣವೆಂದರು. ಆಕೆಯೂ ಒಪ್ಪಿ, ಕೈಕುಲುಕಿ, ಬಾಗಿಲತ್ತ ನಡೆದಳು. ಅಲ್ಲಿ ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುವುದುಂಟೆ ಎಂದು ಕೇಳಿದಳು. ಉಂಟೆಂದಾಗ ಮತ್ತೆ ಕುರ್ಚಿಗೆ ಬಂದು ಕುಳಿತು ತನ್ನ ದಾಂಪತ್ಯದ ನೋವನ್ನು ತೋಡಿಕೊಳ್ಳತೊಡಗಿದಳು. ಅದುವರೆಗೆ ಆಕೆ ಕೊಟ್ಟಿದ್ದ ಅಚ್ಚುಕಟ್ಟಾದ ವಿವರಗಳಿಗೂ ಈ ಮಾತಿಗೂ ಹೋಲಿಕೆಯೇ ಇರಲಿಲ್ಲ. ನಿಜವಾದ ಕೆಲಸ ಪ್ರಾರಂಭವಾದದ್ದು ಆಗ. ಕೊನೆಗೆ ಮಗನ ವಿಷಯವೂ ಸುಧಾರಿಸಿತು.

ಎಲ್ಲಿ ನೋಯುತ್ತಿದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ ಎಂಬುದು ರೋಜರ್ಸ್ ಇದರಿಂದ ಕಲಿತ ಪಾಠ. ಅವರು "ರೋಗಿ" ಎಂಬ ಪದವನ್ನು ಬಿಟ್ಟು, ವಕೀಲರ ಬಳಿ ಹೋಗುವವರಿಗೆ ಹೇಳುವ "ಕ್ಲೈಂಟ್" ಎಂಬ ಪದವನ್ನು ಬಳಸಿದರು. ಕನ್ನಡದಲ್ಲಿ ಸಲಹಾರ್ಥಿ ಎನ್ನುತ್ತಾರೆ. ರೋಗಿಯನ್ನು ವೈದ್ಯರು ಗುಣಪಡಿಸುತ್ತಾರೆ. ಸಲಹಾರ್ಥಿಯಾದರೋ ತನ್ನ ಬದುಕಿನ ಯಜಮಾನ ತಾನೇ ಆಗಿ ನೆರವು ಕೇಳಲು ಬಂದವನು.

ಗ್ರಾಮಫೋನ್ ತಟ್ಟೆಯ ಸಾಕ್ಷಿ

1940ರಲ್ಲಿ ರೋಜರ್ಸ್ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅದುವರೆಗೆ ಸಲಹೆಯ ಕೋಣೆಯೊಳಗೆ ಏನು ನಡೆಯುತ್ತದೆಂಬುದಕ್ಕೆ ಸಲಹೆಗಾರರ ನೆನಪು, ಅವರು ಬರೆದಿಟ್ಟ ಟಿಪ್ಪಣಿಗಳ ಹೊರತು ಬೇರೆ ಆಧಾರ ಹೆಚ್ಚಾಗಿ ಇರಲಿಲ್ಲ. ನಾವು "ಅವ್ರು" ಎಂಬ ಪದವನ್ನು ಬಿಟ್ಟಂತೆ ಎಷ್ಟು ಮಂದಿ ಏನೇನು ಬಿಟ್ಟರೋ ಯಾರಿಗೆ ಗೊತ್ತು! ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು, ಬಂದವರ ಒಪ್ಪಿಗೆ ಪಡೆದು, ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸತೊಡಗಿದರು. ತಟ್ಟೆಯ ಒಂದು ಮುಖದಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿತ್ತು. 1942ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ "ಹರ್ಬರ್ಟ್ ಬ್ರಯಾನ್" ಎಂಬ ಮಾರುಹೆಸರಿನ ಯುವಕನ ಎಂಟು ಭೇಟಿಗಳ ಸಂಭಾಷಣೆ ಮೊದಲಿನಿಂದ ಕಡೆಯವರೆಗೆ ಅಚ್ಚಾಗಿದೆ. ಧ್ವನಿಮುದ್ರಣದಿಂದ ಹೀಗೆ ಇಡೀ ಚಿಕಿತ್ಸೆಯನ್ನು ಪ್ರಕಟಿಸಿದ್ದು ಅದೇ ಮೊದಲು.

ತಟ್ಟೆಗಳನ್ನು ಕೇಳಿ ಪದಗಳನ್ನು ಎಣಿಸಿದಾಗ ಒಂದು ಸಂಗತಿ ಹೊರಬಿತ್ತು. ದಾರಿ ತೋರಿಸುವೆನೆಂದು ಹೊರಟ ಸಲಹೆಗಾರರು ಸಲಹಾರ್ಥಿಗಿಂತ ಹತ್ತಿರಹತ್ತಿರ ಮೂರು ಪಟ್ಟು ಹೆಚ್ಚು ಮಾತನಾಡಿದ್ದರು. ರೋಜರ್ಸ್ ಪದ್ಧತಿಯವರು ಆಡಿದ ಮಾತು ಸಲಹಾರ್ಥಿಯ ಮಾತಿನ ಅರ್ಧಕ್ಕಿಂತ ಕಡಿಮೆ. ಸಲಹೆ ಎಂಬ ಹೆಸರಿನಲ್ಲಿ ಕೇಳಲು ಬಂದವನನ್ನೇ ಕೇಳುಗನನ್ನಾಗಿ ಮಾಡಿ ಕಳುಹಿಸುವುದು ನಮ್ಮ ಮನೆಗಳಲ್ಲಿಯೂ ಪ್ರತಿದಿನ ನಡೆಯುವ ಮಾತಲ್ಲವೆ?

1957ರ ಒಂದು ಪ್ರಬಂಧದಲ್ಲಿ ರೋಜರ್ಸ್ ತಮ್ಮ ವಿಚಾರವನ್ನು ಷರತ್ತುಗಳ ರೂಪದಲ್ಲಿ ಇಟ್ಟರು. ಅವುಗಳಲ್ಲಿ ಸಲಹೆಗಾರನಿಗೆ ಸಂಬಂಧಿಸಿದವು ಮೂರು. ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ. ಎದುರಿನವರನ್ನು ಷರತ್ತಿಲ್ಲದೆ ಗೌರವದಿಂದ ಒಪ್ಪುವುದು. ಅವರ ಕಣ್ಣಿನಿಂದ ಅವರ ಲೋಕವನ್ನು ಕಾಣುವುದು. ಇವಿಷ್ಟೂ ಎದುರಿನವರಿಗೆ ಸ್ವಲ್ಪವಾದರೂ ತಲುಪಬೇಕು. ಬಿ.ಎಸ್‌ಸಿ.ಯಲ್ಲಿ ಓದಿದ ಕ್ಯಾಟಲಿಸ್ಟ್ ನಮಗೆ ನೆನಪಾಯಿತು. ಆದರೆ ಕ್ಯಾಟಲಿಸ್ಟ್ ಕ್ರಿಯೆಯ ಕೊನೆಯಲ್ಲಿ ಮೊದಲಿದ್ದಂತೆಯೇ ಉಳಿಯುತ್ತದೆ. ಕೇಳಿದವರು ಹಾಗೆ ಉಳಿಯಲಾರರು. ಆದ್ದರಿಂದಲೇ ಸಲಹೆಗಾರರಿಗೂ ಹಿರಿಯ ಸಲಹೆಗಾರರ ಮೇಲ್ವಿಚಾರಣೆ ಇರಬೇಕೆಂಬ ಪದ್ಧತಿ ಬೆಳೆದಿದೆ.

ಚಹಾ ಕೊಡುತ್ತಿದ್ದವರು ಮಾಡಿದ ಕೆಲಸ

ಇಂಗ್ಲೆಂಡಿನ ಚಾಡ್ ವರಾ ಎಂಬ ಪಾದ್ರಿಗಳು 1935ರಲ್ಲಿ, ತರುಣರಾಗಿದ್ದಾಗ, ಹದಿಹರೆಯದ ಹುಡುಗಿಯೊಬ್ಬಳ ಅಂತ್ಯಕ್ರಿಯೆ ನಡೆಸಬೇಕಾಯಿತು. ತನಗೆ ಮುಟ್ಟಾದದ್ದನ್ನು ಕೆಟ್ಟ ರೋಗವೆಂದು ಭ್ರಮಿಸಿ ಆಕೆ ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಆಕೆಗೆ ಯಾರೂ ಇರಲಿಲ್ಲ. ಇದನ್ನು ಮರೆಯದ ವರಾ 1953ರ ನವೆಂಬರಿನಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ, ಸಾಯುವ ಯೋಚನೆ ಬಂದವರು ಕರೆಯಬಹುದಾದ ದೂರವಾಣಿಯನ್ನು ಇರಿಸಿದರು. ಜನ ನೇರವಾಗಿಯೂ ಬರತೊಡಗಿದರು. ಸರದಿ ಕಾಯುವವರಿಗೆ ಚಹಾ ಕೊಟ್ಟು ಜೊತೆಗೆ ಕುಳಿತಿರಲು ಕೆಲವರು ಸ್ವಯಂಸೇವಕರು ಬಂದರು. ಅವರ ಬಳಿ ಮಾತನಾಡಿ ಮನಸ್ಸು ಹಗುರಾದ ಎಷ್ಟೋ ಮಂದಿ ತಮ್ಮನ್ನು ಕಾಣದೆಯೇ ಹೋಗುತ್ತಿರುವುದನ್ನು ವರಾ ಗಮನಿಸಿದರು. 1954ರಲ್ಲಿ ಕೇಳುವ ಕೆಲಸವನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿದರು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದದ್ದು ಹೀಗೆ. 1986ರಲ್ಲಿ ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಸ್ಥಾಪಿಸಿದ "ಸ್ನೇಹಾ" ಸಂಸ್ಥೆಯೂ ಸ್ವಯಂಸೇವಕರಿಂದಲೇ ಇಂಥ ಕೆಲಸ ಮಾಡಿಸುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲಿ 1922ರಲ್ಲಿಯೇ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಬೆಳೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರ ಹೆಸರನ್ನು "ಆಕಾಶವಾಣಿ"ಯ ಸಂಬಂಧದಲ್ಲಿ ವಾಚಕರು ಕೇಳಿಯೇ ಇರುತ್ತಾರೆ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದು ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು.

ಪಶ್ಚಿಮದ ಪದ್ಧತಿ ಇಲ್ಲಿಗೆ ಇದ್ದಂತೆಯೇ ಹೊಂದುವುದಿಲ್ಲವೆಂದು ಕಂಡವರೂ ನಮ್ಮವರೇ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಹೊರಗಟ್ಟದೆ, ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಜೊತೆಯಲ್ಲಿ ಇರಿಸಿಕೊಂಡರು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಡಾ. ಜಸವಂತ್ ಸಿಂಗ್ ನೇಕಿ 1973ರ ಪ್ರಬಂಧವೊಂದರಲ್ಲಿ, ಭಾರತೀಯ ಸಲಹಾರ್ಥಿಗೆ ಗುರು–ಶಿಷ್ಯ ಸಂಬಂಧದ ಮಾದರಿ ಹೊಂದೀತೆಂದು ವಾದಿಸಿದರು. ನಮ್ಮ ಜನ ಸಲಹೆಗಾರರನ್ನು ಸಮಾನರೆಂದು ಕಾಣುವುದಕ್ಕಿಂತ ಹಿರಿಯರೆಂದು ಕಾಣುತ್ತಾರೆ. ಬರಿದೆ ಕೇಳಿ ಕಳುಹಿಸಿದರೆ "ಏನೂ ಹೇಳಲೇ ಇಲ್ಲ" ಎಂದು ನಿರಾಶರಾಗುತ್ತಾರೆ. ಇದರಲ್ಲಿ ನಿಜವಿದೆ. ಆದರೆ ಗುರುವಾದವರು ಶಿಷ್ಯನ ಮಾತನ್ನು ಮೊದಲು ಕೇಳಬೇಕೆಂಬುದೂ ಅಷ್ಟೇ ನಿಜ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಈ ವಿಷಯವನ್ನು ಸುಲಭವಾದ ಕನ್ನಡದ ಅನೇಕ ಪುಸ್ತಕಗಳಲ್ಲಿ ಬರೆದು, ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಟ್ಟಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಕೋಣೆಯೊಳಗಿನ ಕ್ರಮ

ಇಷ್ಟು ಇತಿಹಾಸದಿಂದ ಮೂಡಿದ ಕ್ರಮ ಹೀಗಿದೆ. ಮೊದಲ ಭೇಟಿಯಲ್ಲಿ ಸಲಹೆಗಾರರು ಗೋಪ್ಯತೆಯ ಮಾತು ಕೊಡುತ್ತಾರೆ. ಅದರ ಎಲ್ಲೆಯನ್ನೂ ತಿಳಿಸಬೇಕು. ಪ್ರಾಣಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಗುಟ್ಟು ಕಾಯಲಾಗದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಎರಡನೆಯದನ್ನು ವರದಿ ಮಾಡುವುದು ಕಡ್ಡಾಯ. ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಬಳಿಕ ಇಬ್ಬರೂ ಸೇರಿ ಗುರಿಯನ್ನು ಗೊತ್ತುಮಾಡುತ್ತಾರೆ. ಎಡ್ವರ್ಡ್ ಬಾರ್ಡಿನ್ ಎಂಬ ವಿದ್ವಾಂಸರು 1979ರಲ್ಲಿ ಹೇಳಿದಂತೆ ಇಬ್ಬರ ನಡುವಣ ಒಪ್ಪಂದಕ್ಕೆ ಮೂರು ಕಾಲು: ಗುರಿಯಲ್ಲಿ ಸಹಮತ, ಮಾಡಬೇಕಾದ ಕೆಲಸದಲ್ಲಿ ಸಹಮತ, ಪರಸ್ಪರ ವಿಶ್ವಾಸ. ಒಂದು ಕಾಲು ಮುರಿದರೂ ಪೀಠ ನಿಲ್ಲುವುದಿಲ್ಲ.

ಬರೀ ಕೇಳುವುದೇ ಎಲ್ಲಕ್ಕೂ ಸಾಲದು. 1960ರ ದಶಕದಿಂದ ಆರನ್ ಬೆಕ್ ಮೊದಲಾದವರು, ಮನಸ್ಸನ್ನು ಕುಗ್ಗಿಸುವ ಯೋಚನೆಗಳನ್ನು ಗುರುತಿಸಿ ಪರೀಕ್ಷಿಸುವ ಪದ್ಧತಿಯನ್ನು ಬೆಳೆಸಿದ್ದಾರೆ. ಅದರಲ್ಲಿ ಮನೆಗೆಲಸವೂ ಉಂಟು. ಔಷಧ ಬೇಕಾದಾಗ ಮನೋವೈದ್ಯರಲ್ಲಿಗೆ ಕಳುಹಿಸುವುದು ಸಲಹೆಗಾರರ ಕರ್ತವ್ಯ. ಕೊನೆಯದು ಬೀಳ್ಕೊಡುಗೆ. ಸಲಹಾರ್ಥಿ ತನ್ನ ಕಾಲ ಮೇಲೆ ನಿಂತಾಗ ಭೇಟಿಗಳು ಮುಗಿಯಬೇಕು. ಹೋಗುವ ಮುನ್ನ ಸಲಹೆಗಾರರ ತರಬೇತಿಯೇನೆಂದು ಕೇಳುವುದು ಅವಿನಯವಲ್ಲ. ಅದು ನಮ್ಮ ಹಕ್ಕು.

ನಮ್ಮ ಸಂಘ ಮಾಡಬಹುದಾದದ್ದು

ಆ ತಾಯಿಯ ಜೊತೆ ನಾವು ಇನ್ನೂ ಐದು ಬಾರಿ ಹೋದೆವು. ಪ್ರತಿ ಮಾತನ್ನೂ ಇದ್ದಂತೆಯೇ ದಾಟಿಸಲು ಕಲಿತೆವು. ಕೆಲವು ಮಾತಿಗೆ ಹಿಂದಿಯೇ ಸಿಗಲಿಲ್ಲ. "ಹೊಟ್ಟ್ಯಾಗ ಕಿವುಚಿದಂಗ ಆಗ್ತೈತಿ" ಎಂಬುದನ್ನು ಕೈಯಲ್ಲಿ ತೋರಿಸಬೇಕಾಯಿತು. ಆರನೆಯ ಭೇಟಿಯಲ್ಲಿ ಆಕೆ, ಯಾರೂ ಹೇಳದೆಯೇ, ಯುಗಾದಿಗೆ ಊರಿಗೆ ಹೋಗಿ ಎರಡು ತಿಂಗಳಿದ್ದು ಬರುತ್ತೇನೆ, ಇಲ್ಲಿದ್ದಾಗ ಅಡುಗೆಮನೆಯಲ್ಲಿ ತನಗೂ ಪಾಲು ಬೇಕು ಎಂದರು. ಮಗನಿಗೆ ಮೊದಲು ನೋವಾಯಿತು. ತಾಯಿಗೆ ವಿಶ್ರಾಂತಿ ಕೊಡುವುದೇ ಪ್ರೀತಿಯೆಂದು ಅವನು ನಂಬಿದ್ದ. ಈಗ ಅವರು ಊಟ ಮಾಡುತ್ತಾರೆ, ಮೊಮ್ಮಕ್ಕಳನ್ನು ಗದರಿಸುತ್ತಾರೆ. ರಾತ್ರಿ ನಿದ್ರೆ ಇನ್ನೂ ಪೂರ್ತಿ ಬಂದಿಲ್ಲ, ಔಷಧ ನಡೆದಿದೆ.

ಊರಿನಲ್ಲಿ ಕಟ್ಟೆಯಿತ್ತು, ಬಾವಿಯ ಬಳಿ ಮಾತಿತ್ತು, ನೆರೆಮನೆಯ ದೊಡ್ಡವ್ವನಿದ್ದಳು. ಇಲ್ಲಿ ನಮಗಿರುವುದು ಈ ಸಂಘ. ವೈದ್ಯರ ಬಳಿ, ಸಲಹೆಗಾರರ ಬಳಿ ಜೊತೆಗೆ ಹೋಗಿ ಕನ್ನಡದ ಮಾತನ್ನು ಇದ್ದಂತೆಯೇ ದಾಟಿಸಬಲ್ಲ ಸದಸ್ಯರ ಒಂದು ಪಟ್ಟಿಯನ್ನು ಸಂಘವು ಇಟ್ಟುಕೊಳ್ಳಬಹುದೆಂದು ನಮ್ಮ ಅರಿಕೆ. ನಿಯಮ ಮೂರೇ ಸಾಕು: ಸಾರಾಂಶ ಮಾಡಕೂಡದು, ಸ್ವಂತ ಬುದ್ಧಿವಾದ ಸೇರಿಸಕೂಡದು, ಕೇಳಿದ್ದನ್ನು ಹೊರಗೆ ಆಡಕೂಡದು. ಅದರ ಜೊತೆಗೆ, 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಕೇಂದ್ರ ಸರ್ಕಾರದ "ಟೆಲಿ-ಮಾನಸ್" ಸೇವೆಯ 14416 ಸಂಖ್ಯೆಯನ್ನು ಪ್ರತಿ ಮನೆಯಲ್ಲಿಯೂ ಬರೆದಿಟ್ಟುಕೊಳ್ಳಬೇಕು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅಲ್ಲಿ ಉಚಿತವಾಗಿ ಮಾತನಾಡಬಹುದು. ಆ ವ್ಯವಸ್ಥೆಗೆ ಮುಖ್ಯ ಆಧಾರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಎಂಬುದು ಸಂತೋಷದ ಸಂಗತಿ.

ಪಟ್ಟಿಯಲ್ಲಿ ಮೊದಲನೆಯ ಹೆಸರಾಗಿ ನಮ್ಮದನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇವೆ.